ಗೃಹನಿರ್ಮಾಣದಲ್ಲಿ ಪ್ಲೈವುಡ್ ಅಂದಾಜು

ಗೃಹನಿರ್ಮಾಣದಲ್ಲಿ ಪ್ಲೈವುಡ್ ಅಂದಾಜು ಎಂದರೆ ಮನೆಯೊಂದರ ಕಪಾಟು, ಅಡುಗೆಮನೆಯ ಗೂಡು, ಅಟ್ಟ, ಮಂಚ ಹಾಗೂ ಚಾವಣಿಯ ಅಚ್ಚುಕಟ್ಟಿಗೆ ಬೇಕಾಗುವ ಪ್ಲೈವುಡ್ ಹಾಳೆಗಳ ಸಂಖ್ಯೆ, ದಪ್ಪ, ದರ್ಜೆ ಮತ್ತು ವೆಚ್ಚವನ್ನು ಕೆಲಸಕ್ಕೆ ಮೊದಲೇ ಲೆಕ್ಕಹಾಕುವ ಕ್ರಮ. ಸಿಮೆಂಟು, ಕಬ್ಬಿಣ, ಇಟ್ಟಿಗೆಗಳ ಅಂದಾಜನ್ನು ಸಾಮಾನ್ಯವಾಗಿ ಎಂಜಿನಿಯರರು ಬರೆದುಕೊಡುತ್ತಾರೆ. ಮರಗೆಲಸದ ಅಂದಾಜು ಮಾತ್ರ ಹಳ್ಳಿ ಹಾಗೂ ಸಣ್ಣ ಪಟ್ಟಣಗಳಲ್ಲಿ ಬಡಿಗೇರರ ಬಾಯಿಲೆಕ್ಕಕ್ಕೇ ಬಿಟ್ಟಿರುವುದು ವಾಡಿಕೆ. ಕಟ್ಟಡದ ಹಣ ಬಹುಪಾಲು ಕರಗಿದ ಮೇಲೆ ಈ ಖರ್ಚು ಎದುರಾಗುವುದರಿಂದ, ಇಲ್ಲಿ ತಪ್ಪುವ ಲೆಕ್ಕ ಕುಟುಂಬದ ಸಾಲವನ್ನು ನೇರವಾಗಿ ಹೆಚ್ಚಿಸುತ್ತದೆ.

ಈ ಲೇಖನದ ಉದಾಹರಣೆಗಳನ್ನು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಕಣಗಲಾ ಗ್ರಾಮದ ಪರಿಸರಕ್ಕೆ ಹೊಂದಿಸಿ ಕೊಡಲಾಗಿದೆ. ಸಂಕೇಶ್ವರ ಮತ್ತು ನಿಪ್ಪಾಣಿಗಳ ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಈ ಊರು ಎಚ್.ಎಲ್.ಎಲ್. ಲೈಫ್‌ಕೇರ್ ಕಾರ್ಖಾನೆಯಿಂದಾಗಿ ಪರಿಚಿತ. ಮಹಾರಾಷ್ಟ್ರದ ಗಡಿ ಸಮೀಪವಿರುವುದರಿಂದ ಇಲ್ಲಿನವರು ಸಾಮಗ್ರಿಯನ್ನು ಸಂಕೇಶ್ವರ, ನಿಪ್ಪಾಣಿ, ಬೆಳಗಾವಿಗಳಿಂದಲೂ ಗಡಿಯಾಚೆಯ ಗಡಹಿಂಗ್ಲಜ, ಕೊಲ್ಹಾಪುರಗಳಿಂದಲೂ ತರಬಹುದು.

ಹಿನ್ನೆಲೆ

ತೆಳುವಾದ ಮರದ ಪದರುಗಳನ್ನು, ಒಂದರ ಎಳೆ ಇನ್ನೊಂದರ ಎಳೆಗೆ ಅಡ್ಡವಾಗುವಂತೆ ಜೋಡಿಸಿ, ಅಂಟು ಹಾಕಿ, ಬಿಸಿಯಾಗಿ ಒತ್ತಿದಾಗ ಪ್ಲೈವುಡ್ ಆಗುತ್ತದೆ. ಪದರುಗಳ ಸಂಖ್ಯೆ ಬೆಸವಾಗಿರುತ್ತದೆ. ಎಳೆಗಳು ಅಡ್ಡಡ್ಡವಾಗಿರುವುದರಿಂದ ಹಲಗೆಯು ಇಡಿಯ ಮರದಂತೆ ಋತುಮಾನಕ್ಕೆ ತಕ್ಕಂತೆ ಹೆಚ್ಚು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ಎಳೆಗುಂಟ ಸೀಳುವುದಿಲ್ಲ.

ಭಾರತದಲ್ಲಿ ಈ ಉದ್ಯಮ ಅಸ್ಸಾಮಿನ ಚಹಾ ಪೆಟ್ಟಿಗೆಗಳ ತಯಾರಿಕೆಯಿಂದ ಬೆಳೆಯಿತು. ಕರ್ನಾಟಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ ಬಹುಕಾಲ ಪ್ಲೈವುಡ್ ತಯಾರಿಕೆಯ ಕೇಂದ್ರವಾಗಿತ್ತು. ಈ ಉದ್ಯಮಕ್ಕೆ ಸಂಬಂಧಿಸಿದ ಸಂಶೋಧನಾ ಸಂಸ್ಥೆ 1962ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 12ರಂದು ನೀಡಿದ ಆದೇಶ ಅರಣ್ಯದ ಮರ ಕಡಿತವನ್ನು ತೀವ್ರವಾಗಿ ನಿರ್ಬಂಧಿಸಿತು. ಅನಂತರ ಕಾರ್ಖಾನೆಗಳು ಹೊಲಗಳಲ್ಲಿ ಬೆಳೆಸಿದ ಮರಗಳತ್ತ ತಿರುಗಿದವು. ಹರಿಯಾಣದ ಯಮುನಾನಗರದಲ್ಲಿ ಪೋಪ್ಲರ್ ಮತ್ತು ನೀಲಗಿರಿ, ಕೇರಳದ ಪೆರುಂಬಾವೂರಿನಲ್ಲಿ ರಬ್ಬರ್ ಮರ ಮುಖ್ಯ ಕಚ್ಚಾವಸ್ತುಗಳಾದವು. ಅಂದಾಜು ಮಾಡುವವರಿಗೂ ಈ ಇತಿಹಾಸ ಅಗತ್ಯ. ಒಂದೇ ದಪ್ಪ, ಒಂದೇ ದರ್ಜೆಯ ಎರಡು ಹಾಳೆಗಳ ಬೆಲೆಯಲ್ಲಿ ಕಾಣುವ ಅಂತರಕ್ಕೆ ಒಳಪದರಿನ ಮರದ ಜಾತಿಯೇ ಹಲವೊಮ್ಮೆ ಕಾರಣ. ಪೋಪ್ಲರ್ ಹಗುರ ಹಾಗೂ ಮೃದು. ಅದರಲ್ಲಿ ತಿರುಪು ಹಿಡಿಯುವ ಶಕ್ತಿ ಕಡಿಮೆ.

ಹಾಳೆಯ ಅಳತೆಗಳು

ಮಾರುಕಟ್ಟೆಯ ಪ್ರಮಾಣಿತ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಅಂದರೆ 2440 × 1220 ಮಿ.ಮೀ., 32 ಚದರ ಅಡಿ. ಇದಲ್ಲದೆ 7×4 (28 ಚ. ಅಡಿ), 6×4 (24 ಚ. ಅಡಿ), 8×3 (24 ಚ. ಅಡಿ), 7×3 (21 ಚ. ಅಡಿ) ಮತ್ತು 6×3 (18 ಚ. ಅಡಿ) ಅಳತೆಗಳೂ ದೊರೆಯುತ್ತವೆ. ಚಿಕ್ಕ ಊರಿನ ಅಂಗಡಿಗಳು 8×4 ಮಾತ್ರ ದಾಸ್ತಾನು ಇಟ್ಟು ಉಳಿದವನ್ನು ತರಿಸಿಕೊಡುವುದುಂಟು. ಚಿಕ್ಕ ಅಳತೆಗಳನ್ನು ಕೇಳುವ ಅಭ್ಯಾಸ ಗ್ರಾಹಕರಿಗಿಲ್ಲದಿರುವುದು ಇಲ್ಲಿ ಆಗುವ ನಷ್ಟಕ್ಕೆ ಮುಖ್ಯ ಕಾರಣ. ಅದನ್ನು ಮುಂದಿನ ಉದಾಹರಣೆಯಲ್ಲಿ ಕಾಣಬಹುದು.

ದಪ್ಪವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ: 4, 6, 9, 12, 16, 18 ಅಥವಾ 19, ಮತ್ತು 25. ಮರಾಠಿಯ ಪ್ರಭಾವವಿರುವ ಈ ಭಾಗದ ಹಳೆಯ ಬಡಿಗೇರರು ಇಂಚಿನ ಎಂಟನೆಯ ಒಂದು ಭಾಗವನ್ನು ‘ಸೂತ’ ಎಂದು ಎಣಿಸುತ್ತಾರೆ. ಆರು ಸೂತ ಎಂದರೆ ಮುಕ್ಕಾಲು ಇಂಚು, ಸುಮಾರು 19 ಮಿ.ಮೀ.; ನಾಲ್ಕು ಸೂತ ಎಂದರೆ ಅರ್ಧ ಇಂಚು, ಅಂದರೆ 12 ಮಿ.ಮೀ. ಹಾಳೆಗೆ ಸಮೀಪದ್ದು. ಕಪಾಟಿನ ಚೌಕಟ್ಟು ಮತ್ತು ಕದಗಳಿಗೆ 18, ಎಳೆಗೂಡುಗಳ ಪಕ್ಕಗಳಿಗೆ 12, ಹಿಂಬದಿಗೆ 6 ಮಿ.ಮೀ. ಬಳಸುವುದು ಸಾಮಾನ್ಯ.

ಹೇಳಿದ ದಪ್ಪವೂ ಇರುವ ದಪ್ಪವೂ ಒಂದೇ ಆಗಿರಬೇಕೆಂದಿಲ್ಲ. ಭಾರತೀಯ ಮಾನಕದಲ್ಲಿ 6 ಮಿ.ಮೀ. ಮತ್ತು ಅದಕ್ಕಿಂತ ದಪ್ಪನೆಯ ಹಾಳೆಗೆ ಶೇ. 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. 18 ಮಿ.ಮೀ. ಎಂದು ಕೊಂಡ ಹಾಳೆ 17.1 ಮಿ.ಮೀ. ಇದ್ದರೆ ಅದು ಮಿತಿಯೊಳಗೇ ಇದೆ. 16 ಇದ್ದರೆ ಅದು ಬೇರೆಯ ಸರಕು, ಅದರ ಬೆಲೆಯೂ ಬೇರೆಯಾಗಬೇಕು. ವರ್ನಿಯರ್ ಕ್ಯಾಲಿಪರ್ ಇಲ್ಲದವರು ಹತ್ತು ಹಾಳೆಗಳನ್ನು ಒಂದರ ಮೇಲೊಂದು ಇರಿಸಿ ಒಟ್ಟು ಎತ್ತರವನ್ನು ಅಳೆದು ಹತ್ತರಿಂದ ಭಾಗಿಸಿದರೆ ಸರಾಸರಿ ದಪ್ಪ ತಿಳಿಯುತ್ತದೆ. ಪ್ರಾಥಮಿಕ ಶಾಲೆಯ ಗಣಿತವಾದರೂ ಅಂಗಡಿಯಲ್ಲಿ ಇದನ್ನು ಮಾಡಿ ನೋಡುವವರು ವಿರಳ.

ದರ್ಜೆಗಳು

ಅಂದಾಜಿನ ಮೊತ್ತವನ್ನು ಎಲ್ಲಕ್ಕಿಂತ ಹೆಚ್ಚು ಏರುಪೇರು ಮಾಡುವುದು ದರ್ಜೆ. ಮನೆಗೆ ಬೇಕಾಗುವ ದರ್ಜೆಗಳು ಮುಖ್ಯವಾಗಿ ಮೂರು. ಎಂ.ಆರ್. ಎಂಬುದು ತೇವವನ್ನು ತಡೆಯಬಲ್ಲದು, ನೀರನ್ನಲ್ಲ. ಇದರಲ್ಲಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಬಳಕೆಯಾಗುತ್ತದೆ. ಬಿ.ಡಬ್ಲ್ಯು.ಆರ್. ಕುದಿನೀರನ್ನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ. ಅದರ ಅಂಟು ಸಾಮಾನ್ಯವಾಗಿ ಫಿನಾಲ್ ಫಾರ್ಮಾಲ್ಡಿಹೈಡ್. ಇವೆರಡೂ ಐ.ಎಸ್. 303 ಎಂಬ ಒಂದೇ ಮಾನಕದಡಿ ಬರುತ್ತವೆ. ಮೂರನೆಯದು ಬಿ.ಡಬ್ಲ್ಯು.ಪಿ. ಅಥವಾ ಮರೈನ್ ಪ್ಲೈವುಡ್. ಅದರ ಮಾನಕ ಐ.ಎಸ್. 710, ಅದರ ಅಂಟು 72 ಗಂಟೆ ಕುದಿನೀರಿನ ಪರೀಕ್ಷೆಯನ್ನು ತಾಳಬೇಕು.

ಇಲ್ಲೊಂದು ಗೊಂದಲ ಪದೇ ಪದೇ ಉಂಟಾಗುತ್ತದೆ. ಹಾಳೆಯ ಮೇಲೆ ‘303’ ಎಂದಿದ್ದರೆ ಅದು ನೀರಿಗೆ ತಡೆಯುವ ಹಲಗೆ ಎಂದು ಭಾವಿಸಲಾಗುತ್ತದೆ. 303 ಎಂಬ ಅಂಕಿ ದರ್ಜೆಯನ್ನು ಹೇಳುವುದಿಲ್ಲ. ಅದರ ಜೊತೆಗೆ ಎಂ.ಆರ್. ಎಂದಿದೆಯೋ ಬಿ.ಡಬ್ಲ್ಯು.ಆರ್. ಎಂದಿದೆಯೋ ನೋಡಬೇಕು. ಬಿಲ್ಲಿನಲ್ಲಿಯೂ ಬರಿಯ ‘18 ಎಂ.ಎಂ. ಪ್ಲೈ’ ಎಂದು ಬರೆದಿದ್ದರೆ ಮುಂದೆ ತಕರಾರಿಗೆ ಆಧಾರವಿರುವುದಿಲ್ಲ. ಬಿ.ಐ.ಎಸ್. ಗುರುತಿನ ಕೆಳಗಿರುವ ‘ಸಿ.ಎಂ./ಎಲ್.’ ಪರವಾನಗಿ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಪ್ಲೈವುಡ್ ಮತ್ತು ಮರದ ಫ್ಲಶ್ ಬಾಗಿಲುಗಳಿಗೆ ಈ ಗುರುತನ್ನು ಕಡ್ಡಾಯಗೊಳಿಸುವ ಕೇಂದ್ರ ಸರ್ಕಾರದ ಗುಣಮಟ್ಟ ನಿಯಂತ್ರಣ ಆದೇಶ 2025ರಲ್ಲಿ ಹಂತ ಹಂತವಾಗಿ ಜಾರಿಗೆ ಬಂದಿದೆ.

ಯಾವ ಕೋಣೆಗೆ ಯಾವ ದರ್ಜೆ ಎಂಬುದನ್ನು ಊರಿನ ಹವೆಯನ್ನು ನೋಡಿ ನಿರ್ಧರಿಸಬೇಕು. ಮಲಗುವ ಕೋಣೆಯ ಒಳಗೋಡೆಗೆ ತಾಗಿದ ಕಪಾಟಿಗೆ ಎಂ.ಆರ್. ಸಾಕೆಂಬ ಸಾಮಾನ್ಯ ಸಲಹೆ ಒಣ ಹವೆಯ ಊರುಗಳಿಗೆ ಸಲ್ಲುತ್ತದೆ. ಹುಕ್ಕೇರಿ ತಾಲ್ಲೂಕಿನ ಪಶ್ಚಿಮ ಭಾಗ ಸಹ್ಯಾದ್ರಿಗೆ ಸಮೀಪವಿದ್ದು ಮುಂಗಾರಿನ ತಂಪನ್ನು ವಾರಗಟ್ಟಲೆ ಅನುಭವಿಸುತ್ತದೆ. ಮಳೆಯ ಹೊಡೆತಕ್ಕೆ ಸಿಗುವ ಹೊರಗೋಡೆಗೆ ತಾಗಿದ ಕಪಾಟಿಗೆ ಇಲ್ಲಿ ಬಿ.ಡಬ್ಲ್ಯು.ಆರ್. ಬಳಸುವುದೇ ಲೇಸು. ನದಿಯ ದಂಡೆಯ ಊರುಗಳ ಮಾತು ಇನ್ನೂ ಬೇರೆ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಘಟಪ್ರಭೆಯ ನೀರು ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಮನೆಗಳಿಗೆ, ಹಿರಣ್ಯಕೇಶಿಯ ನೀರು ಸಂಕೇಶ್ವರದ ಮನೆಗಳಿಗೆ ನುಗ್ಗಿತ್ತು. ಅಂಥ ನೀರಿನಲ್ಲಿ ದಿನಗಟ್ಟಲೆ ನಿಂತ ಎಂ.ಆರ್. ಹಲಗೆಯ ಅಂಟು ಬಿಟ್ಟು ಪದರುಗಳು ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಳ್ಳುತ್ತವೆ. ಅದನ್ನು ಒಣಗಿಸಿ ಮತ್ತೆ ಬಳಸಲಾಗದು. ನೆರೆಯ ನೀರು ಮುಟ್ಟಬಹುದಾದ ಮನೆಗಳಲ್ಲಿ ನೆಲದಿಂದ ಮೂರು ನಾಲ್ಕು ಅಡಿಯವರೆಗೆ ಪ್ಲೈವುಡ್ ಬಳಸದೆ ಕಲ್ಲಿನ ಫರಸಿಯ ಕಪಾಟು ಮಾಡುವುದು ದುಬಾರಿ ಮರೈನ್ ಹಲಗೆಗಿಂತಲೂ ಭದ್ರ.

ಉದ್ದನೆಯ ಕದಗಳಿಗೆ ಪ್ಲೈವುಡ್‌ಗಿಂತ ಬ್ಲಾಕ್‌ಬೋರ್ಡ್ (ಐ.ಎಸ್. 1659) ಉತ್ತಮವೆಂಬ ಅಭಿಪ್ರಾಯ ಬಡಿಗೇರರಲ್ಲಿದೆ. ಅದರ ನಡುವೆ ಮರದ ಪಟ್ಟಿಗಳಿರುವುದರಿಂದ ಬಾಗು ಕಡಿಮೆ. ಲೆಕ್ಕದ ಕ್ರಮ ಎರಡಕ್ಕೂ ಒಂದೇ.

ಪ್ರಮಾಣದ ಲೆಕ್ಕ

ಪ್ಲೈವುಡ್‌ನ ಪ್ರಮಾಣವನ್ನು ಮೂರು ರೀತಿಯಲ್ಲಿ ಅಂದಾಜಿಸುತ್ತಾರೆ. ಮೊದಲನೆಯದು ಮುಖದ ಅಳತೆ: ಕಪಾಟಿನ ಎದುರಿನ ಅಗಲವನ್ನು ಎತ್ತರದಿಂದ ಗುಣಿಸಿ, ಬಂದ ಚದರ ಅಡಿಯನ್ನು ರೂಢಿಯ ಒಂದು ಸಂಖ್ಯೆಯಿಂದ ಗುಣಿಸುವುದು. ಎರಡನೆಯದು ಕ್ಷೇತ್ರಫಲದ ಕ್ರಮ: ಪ್ರತಿಯೊಂದು ತುಂಡಿನ ಕ್ಷೇತ್ರಫಲವನ್ನು ಕೂಡಿಸಿ, ಶೇ. 10ರಷ್ಟು ಕತ್ತರಿಕೆಯ ನಷ್ಟವನ್ನು ಸೇರಿಸಿ, 32ರಿಂದ ಭಾಗಿಸುವುದು. ಮೂರನೆಯದು ಕತ್ತರಿಕೆಯ ನಕ್ಷೆ: ಹಾಳೆಯ ಚಿತ್ರವನ್ನು ಚೌಕುಳಿ ಕಾಗದದ ಮೇಲೆ ಬರೆದು ತುಂಡುಗಳನ್ನು ಅದರಲ್ಲಿ ಜೋಡಿಸಿ ನೋಡುವುದು. ಮೊದಲೆರಡು ಕ್ರಮಗಳು ಬೇಗ ಮುಗಿಯುತ್ತವೆ. ಮೂರನೆಯದಕ್ಕೆ ಒಂದು ಸಂಜೆ ಬೇಕು, ನಂಬಲರ್ಹವಾದುದು ಅದೊಂದೇ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡಬಹುದು. ಕಣಗಲಾದ ಒಂದು ಮನೆಯ ಮಲಗುವ ಕೋಣೆಯಲ್ಲಿ 6 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳದ ಕಪಾಟು ಮಾಡಬೇಕಿದೆ ಎಂದುಕೊಳ್ಳೋಣ. ಕಪಾಟು ಇಟ್ಟಿಗೆಯ ಸಣ್ಣ ಕಟ್ಟೆಯ ಮೇಲೆ ನಿಲ್ಲುತ್ತದೆ. ನಡುವೆ ಒಂದು ವಿಭಜಕ, ಎರಡೂ ಬದಿಗೆ ತಲಾ 3 ಅಡಿಯ ಗೂಡು, ಎದುರಿಗೆ ನಾಲ್ಕು ಕದ. ಎಳೆಗೂಡುಗಳಿಲ್ಲ.

18 ಮಿ.ಮೀ. ಹಲಗೆಯ ತುಂಡುಗಳು ಹೀಗಿವೆ. ಎರಡು ಪಕ್ಕಗಳು ಮತ್ತು ಒಂದು ವಿಭಜಕ, ತಲಾ 7×2 ಅಡಿ: 42 ಚ. ಅಡಿ. ಮೇಲಿನ ಮತ್ತು ಕೆಳಗಿನ ಹಲಗೆ, ತಲಾ 6×2: 24 ಚ. ಅಡಿ. ಅಡ್ಡಹಲಗೆಗಳು ಆರು, ತಲಾ 3×2: 36 ಚ. ಅಡಿ. ಕದಗಳು ನಾಲ್ಕು, ತಲಾ 7×1½: 42 ಚ. ಅಡಿ. ಒಟ್ಟು 144 ಚ. ಅಡಿ. ಹಿಂಬದಿಗೆ 6 ಮಿ.ಮೀ. ಹಲಗೆ 7×6, ಅಂದರೆ 42 ಚ. ಅಡಿ.

ಕ್ಷೇತ್ರಫಲದ ಕ್ರಮದಂತೆ 144ಕ್ಕೆ ಶೇ. 10 ಸೇರಿಸಿದರೆ 158.4 ಚ. ಅಡಿ. ಅದನ್ನು 32ರಿಂದ ಭಾಗಿಸಿದರೆ 4.95, ಅಂದರೆ ಐದು ಹಾಳೆ. ಕಾಗದದ ಮೇಲೆ ಈ ಲೆಕ್ಕ ಸರಿಯಾಗಿಯೇ ಇದೆ. ಆದರೆ ಐದು ಹಾಳೆಗಳಲ್ಲಿ ಈ ಕಪಾಟು ಆಗುವುದಿಲ್ಲ.

ಕಾರಣವನ್ನು ಪಟ್ಟಿಯ ಕ್ರಮದಿಂದ ತಿಳಿಯಬಹುದು. ಹಾಳೆಯನ್ನು ಉದ್ದಕ್ಕೆ ಸೀಳಿದರೆ ಪಟ್ಟಿಗಳು ಸಿಗುತ್ತವೆ. ಎಲ್ಲ ಪಟ್ಟಿಗಳ ಅಗಲ ಸೇರಿ ಒಂದು ಹಾಳೆಯಲ್ಲಿ 4 ಅಡಿ ಮೀರಬಾರದು. 7 ಅಡಿ ಉದ್ದದ ಮೂರು ತುಂಡುಗಳಿಗೆ 2 ಅಡಿಯಂತೆ 6 ಅಡಿ ಅಗಲದ ಪಟ್ಟಿ ಬೇಕು. ನಾಲ್ಕು ಕದಗಳಿಗೆ 1½ ಅಡಿಯಂತೆ 6 ಅಡಿ. ಮೇಲು ಕೆಳಗಿನ ಹಲಗೆಗಳಿಗೆ 4 ಅಡಿ. ಅಡ್ಡಹಲಗೆಗಳು 2 ಅಡಿಯ ಒಂದು ಪಟ್ಟಿಯಲ್ಲಿ ಎರಡರಂತೆ ಬರುತ್ತವೆ. 8 ಅಡಿ ಉದ್ದದಲ್ಲಿ ಮೂರನೆಯದಕ್ಕೆ ಜಾಗವಿಲ್ಲ. ಆದುದರಿಂದ ಆರಕ್ಕೆ ಮೂರು ಪಟ್ಟಿ, 6 ಅಡಿ. ಒಟ್ಟು 22 ಅಡಿ. ಅದನ್ನು 4ರಿಂದ ಭಾಗಿಸಿದರೆ 5½; ಅರ್ಧ ಹಾಳೆಯನ್ನು ಅಂಗಡಿಯವರು ಕೊಡುವುದಿಲ್ಲವಾದ್ದರಿಂದ ಆರು ಹಾಳೆ. ಕೊಂಡದ್ದು 192 ಚ. ಅಡಿ, ಬಳಸಿದ್ದು 144. ನಾಲ್ಕರಲ್ಲಿ ಒಂದು ಭಾಗ ತುಂಡುಗಳಾಗಿ ಮೂಲೆ ಸೇರುತ್ತದೆ. 7 ಅಡಿಯ ಕಪಾಟಿಗೆ 8 ಅಡಿಯ ಹಾಳೆ ತಂದುದೇ ಈ ನಷ್ಟದ ಮೂಲ.

ಅದೇ ಕಪಾಟನ್ನು ಬೇರೆ ಅಳತೆಯ ಹಾಳೆಗಳಿಂದ ನೋಡೋಣ. 7×4 ಹಾಳೆಯ ಒಂದೊಂದರಲ್ಲಿ 2 ಅಡಿಯ ಒಂದು ಪಕ್ಕ ಮತ್ತು 1½ ಅಡಿಯ ಒಂದು ಕದ ಸಿಗುತ್ತವೆ. ಹೀಗೆ ಮೂರು ಹಾಳೆಗಳಲ್ಲಿ ಎರಡು ಪಕ್ಕ, ವಿಭಜಕ ಹಾಗೂ ಮೂರು ಕದಗಳು ಮುಗಿದವು. ನಾಲ್ಕನೆಯ 7×4 ಹಾಳೆಯಲ್ಲಿ ಉಳಿದ ಕದ ಮತ್ತು ಮೇಲಿನ ಹಲಗೆ. ಇನ್ನುಳಿದುದು ಕೆಳಗಿನ ಹಲಗೆ ಮತ್ತು ಆರು ಅಡ್ಡಹಲಗೆಗಳು. ಇವಕ್ಕೆ 6×4ರ ಎರಡು ಹಾಳೆ ಸಾಕು. ಒಂದರಲ್ಲಿ ಕೆಳಹಲಗೆ ಮತ್ತು ಎರಡು ಅಡ್ಡಹಲಗೆ, ಇನ್ನೊಂದರಲ್ಲಿ ನಾಲ್ಕು ಅಡ್ಡಹಲಗೆ. ಒಟ್ಟು ನಾಲ್ಕು ಹಾಳೆ 28ರಂತೆ 112, ಎರಡು ಹಾಳೆ 24ರಂತೆ 48. ಕೂಡಿದರೆ 160 ಚ. ಅಡಿ. ಹಾಳೆಗಳ ಸಂಖ್ಯೆ ಆರೇ ಆದರೂ 32 ಚ. ಅಡಿ, ಅಂದರೆ 8×4ರ ಇಡೀ ಒಂದು ಹಾಳೆಯ ಬೆಲೆ ಉಳಿಯಿತು. ಹಿಂಬದಿಗೂ 8×4ರ ಎರಡು ಹಾಳೆ ತರುವ ಬದಲು 7×3ರ ಎರಡು ಹಾಳೆ ತಂದರೆ ಒಂದು ಇಂಚೂ ವ್ಯರ್ಥವಾಗದು. ಅವುಗಳ ಸಂದು ಸರಿಯಾಗಿ ನಡುವಿನ ವಿಭಜಕದ ಮೇಲೆ ಬೀಳುವುದರಿಂದ ಮೊಳೆ ಹೊಡೆಯಲೂ ಆಸರೆ ಸಿಗುತ್ತದೆ.

ಈ ನಕ್ಷೆಯಲ್ಲಿ ಎರಡು ಸೂಕ್ಷ್ಮಗಳಿವೆ. ಗರಗಸದ ಅಲಗು ಸುಮಾರು ಒಂದು ಸೂತದಷ್ಟು ಮರವನ್ನು ತಿನ್ನುತ್ತದೆ. 48 ಇಂಚಿನ ಹಾಳೆಯನ್ನು ಎರಡು ಮಾಡಿದರೆ 24 ಇಂಚಿನ ಎರಡು ತುಂಡು ಸಿಗದು. ಕಪಾಟಿನ ಆಳವನ್ನು 23¾ ಇಂಚು ಎಂದು ಮೊದಲೇ ಇಟ್ಟುಕೊಳ್ಳಬೇಕು. 24 ಇಂಚೇ ಬೇಕೆಂದು ಹಟ ಹಿಡಿದರೆ ಪ್ರತಿ ಹಾಳೆಯಿಂದಲೂ ಒಂದೇ ತುಂಡು ಬಂದು ಖರ್ಚು ದುಪ್ಪಟ್ಟಾಗುತ್ತದೆ. ಎರಡನೆಯದಾಗಿ, ಅಡ್ಡಹಲಗೆಯ ನಿಜವಾದ ಉದ್ದ 3 ಅಡಿಯಲ್ಲ. 72 ಇಂಚಿನಲ್ಲಿ ಮೂರು ಲಂಬ ಹಲಗೆಗಳ ದಪ್ಪ ಸುಮಾರು 2 ಇಂಚು ಕಳೆದು ಎರಡರಿಂದ ಭಾಗಿಸಿದರೆ ಸುಮಾರು 35 ಇಂಚು. ಆದ್ದರಿಂದಲೇ ಎರಡು ಅಡ್ಡಹಲಗೆಗಳು ಗರಗಸದ ನಷ್ಟ ಸೇರಿಯೂ 6 ಅಡಿಯೊಳಗೆ ಹಿಡಿಯುತ್ತವೆ.

ಮುಖದ ಅಳತೆಯ ಕ್ರಮಕ್ಕೆ ಮರಳಿದರೆ, ಈ ಕಪಾಟಿನ ಮುಖ 42 ಚ. ಅಡಿ, ಅದರಲ್ಲಿ ಬಳಕೆಯಾದ 18 ಮಿ.ಮೀ. ಹಲಗೆ 144. ಅಂದರೆ ಮುಖದ ಒಂದು ಚದರ ಅಡಿಗೆ ಸುಮಾರು ಮೂರೂವರೆ ಚದರ ಅಡಿ ಹಲಗೆ. ಬಡಿಗೇರರು ಬಾಯಲ್ಲಿ ಹೇಳುವ ಲೆಕ್ಕಕ್ಕೆ ಇಂಥದೇ ಒಂದು ಅನುಪಾತ ಆಧಾರ. ಅದು ಅನುಭವದಿಂದ ಬಂದುದು, ಹಗುರವಾಗಿ ಕಾಣಬೇಕಾದುದಲ್ಲ. ಆದರೆ ಅಡ್ಡಹಲಗೆಗಳು ಹೆಚ್ಚಿದಂತೆ ಅನುಪಾತ ಏರುತ್ತದೆ, ಸೀರೆ ಅಂಗಿಗಳನ್ನು ತೂಗುಹಾಕುವ ತೆರಪು ಹೆಚ್ಚಿದಂತೆ ಇಳಿಯುತ್ತದೆ. ಒಂದು ಮನೆಯ ಅನುಪಾತವನ್ನು ಇನ್ನೊಂದು ಮನೆಗೆ ಹಚ್ಚುವುದು ಸರಿಯಲ್ಲ.

ಮೈಕಾ ಹಾಳೆ

ಹಲಗೆಯ ಲೆಕ್ಕ ಮುಗಿದೊಡನೆ ಅಂದಾಜು ಮುಗಿಯಿತೆಂದು ತಿಳಿಯುವವರು ಮೈಕಾದಲ್ಲಿ ಎಡವುತ್ತಾರೆ. ಜನ ಸನ್‌ಮೈಕಾ ಎಂದು ಕರೆಯುವ ಈ ಲ್ಯಾಮಿನೇಟ್ ಹಾಳೆ ಸಾಮಾನ್ಯವಾಗಿ 8×4 ಅಳತೆಯಲ್ಲಿ ಬರುತ್ತದೆ. ಹೊರಮೈಗೆ 1 ಮಿ.ಮೀ., ಒಳಮೈಗೆ ಅದಕ್ಕಿಂತ ತೆಳುವಾದುದು. ಮೇಲಿನ ಕಪಾಟು ಎರಡು ಗೋಡೆಗಳ ನಡುವೆ ಇದ್ದರೆ ಹೊರಮೈ ಎಂದರೆ ಕದಗಳ 42 ಚ. ಅಡಿ ಮಾತ್ರ. ಒಳಮೈಯ ಲೆಕ್ಕ ಅಚ್ಚರಿ ಹುಟ್ಟಿಸುವಂತಿದೆ: ಪಕ್ಕಗಳ ಒಳಬದಿ 28, ವಿಭಜಕದ ಎರಡೂ ಬದಿ 28, ಮೇಲು ಕೆಳಗಿನ ಒಳಬದಿ 24, ಅಡ್ಡಹಲಗೆಗಳ ಎರಡೂ ಬದಿ 72, ಹಿಂಬದಿ 42, ಕದಗಳ ಒಳಬದಿ 42; ಒಟ್ಟು 236 ಚ. ಅಡಿ. ಕ್ಷೇತ್ರಫಲದಿಂದ ನೋಡಿದರೇ ಎಂಟು ಹಾಳೆ, ಕತ್ತರಿಕೆಯಿಂದ ಇನ್ನೂ ಹೆಚ್ಚು. ಹಣದ ಬಿಗಿಯಿದ್ದಲ್ಲಿ ಗೂಡಿನ ಒಳಗೆ ಬಣ್ಣ ಬಳಿಯಬಹುದು. ಆದರೆ ಕದದ ಒಳಬದಿಗೆ ಮೈಕಾ ಬಿಡಬಾರದು. ಒಂದೇ ಬದಿಗೆ ಅಂಟಿಸಿದ ಕದವು ತೇವವನ್ನು ಎರಡು ಬದಿಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹೀರಿ ಕೆಲವೇ ತಿಂಗಳಲ್ಲಿ ಬಾಗುತ್ತದೆ.

ಅಡುಗೆಮನೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಅಡುಗೆಕಟ್ಟೆಯ ಕೆಳಗಿನ ಗೂಡುಗಳನ್ನು ಕಡಪಾ ಅಥವಾ ಶಹಾಬಾದ್ ಫರಸಿಯಿಂದಲೇ ಕಟ್ಟಿ, ಎದುರಿಗೆ ಮಾತ್ರ ಮರದ ಕದ ಹಚ್ಚುವ ಪದ್ಧತಿಯಿದೆ. ಹಾಗಿದ್ದರೆ 10 ಅಡಿ ಉದ್ದ, 2½ ಅಡಿ ಎತ್ತರದ ಮುಖಕ್ಕೆ ಬೇಕಾಗುವುದು 25 ಚ. ಅಡಿ ಕದ ಮತ್ತು ಕದ ಹಿಡಿಯುವ ಪಟ್ಟಿಗಳು. ಒಂದು ಹಾಳೆಯಲ್ಲಿ ಕೆಲಸ ಮುಗಿಯುತ್ತದೆ. ಪೂರ್ಣ ಪ್ಲೈವುಡ್ ಪೆಟ್ಟಿಗೆಗಳ ‘ಮಾಡ್ಯುಲರ್’ ವಿನ್ಯಾಸದಲ್ಲಿ ಪ್ರತಿ ಪೆಟ್ಟಿಗೆಗೂ ತನ್ನದೇ ಎರಡು ಪಕ್ಕಗಳಿರುತ್ತವೆ. ಅಕ್ಕಪಕ್ಕದ ಪೆಟ್ಟಿಗೆಗಳ ನಡುವೆ ಒಂದರ ಬದಲು ಎರಡು ಹಲಗೆ ಎಣಿಸಬೇಕು. ನೀರಿನ ತೊಟ್ಟಿಯ ಕೆಳಗಿನ ಗೂಡಿಗೆ ಐ.ಎಸ್. 710ರ ಹಲಗೆಯನ್ನೇ ಬಳಸಬೇಕು. ಅಲ್ಲಿ ಕಲ್ಲಿನ ಗೂಡು ಅದಕ್ಕಿಂತಲೂ ಒಳ್ಳೆಯದು.

ಚಾವಣಿಯ ಸೆಂಟ್ರಿಂಗ್

ಕಾಂಕ್ರೀಟು ಹಾಕುವಾಗ ಅದನ್ನು ಹಿಡಿದಿಡುವ ಅಚ್ಚಿಗೆ ಐ.ಎಸ್. 4990 ಮಾನಕದ ಶಟರಿಂಗ್ ಪ್ಲೈವುಡ್ ಬೇರೆಯೇ ಇದೆ, 12 ಮಿ.ಮೀ. ದಪ್ಪದ್ದು ಹೆಚ್ಚು ಬಳಕೆಯಲ್ಲಿದೆ. ಕಬ್ಬಿಣದ ತಗಡುಗಳು ಬಂದ ಮೇಲೆ ಹಳ್ಳಿಗಳಲ್ಲಿ ಇದರ ಬಳಕೆ ಕಡಿಮೆಯಾಗಿದೆ. ಸಾಮಾನ್ಯವಾಗಿ ಗುತ್ತಿಗೆದಾರರು ತಮ್ಮದೇ ಸಾಮಗ್ರಿ ತಂದು ಚದರ ಅಡಿಗೆ ಇಷ್ಟೆಂದು ಬಾಡಿಗೆ ಕೂಲಿ ಪಡೆಯುತ್ತಾರೆ. ಮನೆಯೊಡೆಯರು ಹಾಳೆ ಕೊಳ್ಳಬೇಕಾಗಿಲ್ಲ. ಆದರೂ ಅಳತೆಯನ್ನು ತಾಳೆ ನೋಡಲು ಲೆಕ್ಕ ತಿಳಿದಿರಬೇಕು. ಗೋಡೆಗಳ ಮೇಲೆ ಕೂರುವ ಭಾಗವನ್ನು ಕಳೆದು ಉಳಿದ ತಳಭಾಗ, ಸುತ್ತಲಿನ ಅಂಚು, ತೊಲೆಗಳ ತಳ ಹಾಗೂ ಎರಡು ಪಕ್ಕಗಳು ಅಳತೆಗೆ ಸೇರುತ್ತವೆ. 20×30 ಅಡಿ ಚಾವಣಿ 5 ಇಂಚು ದಪ್ಪವಿದ್ದರೆ ಅಂಚಿನ ಅಳತೆ 100 ಅಡಿ ಸುತ್ತಳತೆಗೆ ಸುಮಾರು 42 ಚ. ಅಡಿ. ಚಾವಣಿಯಿಂದ ಕೆಳಗೆ 1 ಅಡಿ ಇಳಿದ, 9 ಇಂಚು ಅಗಲದ, 12 ಅಡಿ ಉದ್ದದ ತೊಲೆಗೆ ತಳ 9, ಪಕ್ಕಗಳು 24. ಒಟ್ಟು 33 ಚ. ಅಡಿ. ತೊಲೆಯ ತಳವನ್ನು ಪ್ರತ್ಯೇಕವಾಗಿ ಎಣಿಸಿದ ಮೇಲೆ ಅದೇ ಅಗಲವನ್ನು ಚಾವಣಿಯ ತಳಭಾಗದಿಂದ ಕಳೆಯದಿರುವುದು ಬಿಲ್ಲುಗಳಲ್ಲಿ ಕಾಣುವ ತಪ್ಪು.

ವೆಚ್ಚ

ಪ್ಲೈವುಡ್ ದರವನ್ನು ಚದರ ಅಡಿಗೆ ಹೇಳುತ್ತಾರೆ. ದರ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಇಲ್ಲಿನ ಅಂಕಿಗಳನ್ನು ಲೆಕ್ಕದ ಕ್ರಮ ತಿಳಿಯಲು ಹಿಡಿದ ಊಹೆಯ ದರಗಳೆಂದೇ ಓದಬೇಕು. 18 ಮಿ.ಮೀ. ಹಲಗೆಗೆ 100 ರೂ., 6 ಮಿ.ಮೀ. ಹಲಗೆಗೆ 45 ರೂ. ಎಂದಿಟ್ಟುಕೊಂಡರೆ, ಚಿಕ್ಕ ಅಳತೆಗಳನ್ನು ಆರಿಸಿದ ಕಪಾಟಿಗೆ 160 ಚ. ಅಡಿಗೆ 16,000 ರೂ., 42 ಚ. ಅಡಿಗೆ 1,890 ರೂ.; ಒಟ್ಟು 17,890 ರೂ. ಪ್ಲೈವುಡ್ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 18, ಅಂದರೆ 3,220 ರೂ. ಕೂಡಿ 21,110 ರೂ. ಅದೇ ಕಪಾಟಿಗೆ ಎಲ್ಲವನ್ನೂ 8×4ರಲ್ಲಿ ತಂದರೆ 192 ಚ. ಅಡಿಗೆ 19,200 ರೂ., ಹಿಂಬದಿಯ 64 ಚ. ಅಡಿಗೆ 2,880 ರೂ.; ತೆರಿಗೆ ಸೇರಿ 26,054 ರೂ. ಕಪಾಟು ಒಂದೇ, ಹಲಗೆಯೂ ಒಂದೇ ದರ್ಜೆಯದು. ಅಂತರ 4,944 ರೂ. ಮೂರು ಕಪಾಟುಗಳ ಮನೆಯಲ್ಲಿ ಇದು ಸುಮಾರು 15,000 ರೂ. ಆಗುತ್ತದೆ. ಆದುದರಿಂದ ವಿನ್ಯಾಸ ನಿರ್ಧಾರವಾಗುವ ಮೊದಲೇ ಊರಿನ ಅಂಗಡಿಯಲ್ಲಿ ಯಾವ ಅಳತೆಗಳು ಸಿಗುತ್ತವೆಂದು ವಿಚಾರಿಸುವುದು ಉಚಿತ. ಕಪಾಟಿನ ಎತ್ತರವನ್ನು ಹಾಳೆಗೆ ಹೊಂದಿಸುವುದು ಸುಲಭ, ಹಾಳೆಯನ್ನು ಕಪಾಟಿಗೆ ಹಿಗ್ಗಿಸಲಾಗದು.

ತೆರಿಗೆ ಸೇರಿದ ದರವೋ ತೆರಿಗೆ ಬಿಟ್ಟ ದರವೋ ಎಂಬುದನ್ನು ಮೊದಲೇ ಕೇಳಿಕೊಳ್ಳದೆ ಎರಡು ಅಂಗಡಿಗಳ ದರವನ್ನು ಹೋಲಿಸುವುದು ವ್ಯರ್ಥ. ಬಿಲ್ಲು ಬೇಡವೆಂದರೆ ತೆರಿಗೆ ಉಳಿಯುತ್ತದೆಂಬ ಆಮಿಷಕ್ಕೆ ಒಳಗಾದವರಿಗೆ ಹಲಗೆ ಬಿಚ್ಚಿಕೊಂಡಾಗ ಗ್ರಾಹಕರ ಆಯೋಗದ ಮುಂದೆ ತೋರಿಸಲು ಕಾಗದವಿರುವುದಿಲ್ಲ. ಗಡಿಯಾಚೆಯ ಅಂಗಡಿಯಿಂದ ಕಣಗಲಾಕ್ಕೆ ಸರಕು ಕಳುಹಿಸಿದಾಗ ರಾಜ್ಯ ಮತ್ತು ಕೇಂದ್ರ ತೆರಿಗೆಗಳ ಬದಲು ಏಕೀಕೃತ ತೆರಿಗೆ ಬೀಳುತ್ತದೆ; ಮೊತ್ತ ಅದೇ ಶೇ. 18. ಹಾಗಾಗಿ ಗಡಿ ದಾಟಿ ಕೊಂಡರೆ ತೆರಿಗೆ ಕಡಿಮೆಯೆಂಬ ಹಳೆಯ ನಂಬಿಕೆಗೆ 2017ರ ನಂತರ ಆಧಾರವಿಲ್ಲ. ಸರಕಿನ ಮೌಲ್ಯ 50,000 ರೂ. ಮೀರಿದರೆ ಇ-ವೇ ಬಿಲ್ ಬೇಕು. ಸಾಗಣೆಯ ಲೆಕ್ಕಕ್ಕೆ 18 ಮಿ.ಮೀ. ದಪ್ಪದ 8×4 ಹಾಳೆಯೊಂದು ಸುಮಾರು 30ರಿಂದ 40 ಕಿ.ಗ್ರಾಂ. ತೂಗುತ್ತದೆ ಎಂಬುದು ನೆನಪಿರಲಿ.

ಕೂಲಿಯ ಒಪ್ಪಂದಗಳು ಎರಡು ಬಗೆ. ಸಾಮಗ್ರಿ ಮನೆಯವರದು, ಕೂಲಿ ಮಾತ್ರ ಬಡಿಗೇರರದು ಎಂಬುದು ಒಂದು; ಸಾಮಗ್ರಿ ಸಹಿತ ಮುಖದ ಚದರ ಅಡಿಗೆ ಇಷ್ಟು ಎಂಬುದು ಇನ್ನೊಂದು. ಎರಡನೆಯ ಬಗೆಯಲ್ಲಿ ಹಾಳೆ ವ್ಯರ್ಥವಾದರೆ ನಷ್ಟ ಬಡಿಗೇರರದಾಗುವುದರಿಂದ ಅವರು ಜಾಣತನದಿಂದ ಕತ್ತರಿಸುತ್ತಾರೆ; ಆದರೆ ದರ್ಜೆಯನ್ನು ಇಳಿಸುವ ಸೆಳೆತವೂ ಅಲ್ಲಿಯೇ ಇದೆ. ಮೊದಲ ಬಗೆಯಲ್ಲಿ ದರ್ಜೆ ಮನೆಯವರ ಕೈಯಲ್ಲಿರುತ್ತದೆ, ಕತ್ತರಿಕೆಯಲ್ಲಿ ಉಳಿತಾಯ ಮಾಡುವ ಒತ್ತಾಯ ಬಡಿಗೇರರಿಗೆ ಇರುವುದಿಲ್ಲ. ನಕ್ಷೆಯನ್ನು ಇಬ್ಬರೂ ಕುಳಿತು ಬರೆದುಕೊಂಡರೆ ಈ ತೊಡಕು ಬಹುಮಟ್ಟಿಗೆ ತೀರುತ್ತದೆ. ಅಂಟು, ಮೊಳೆ, ತಿರುಪು, ಕೀಲು, ಹಿಡಿಕೆ, ಬೀಗ, ಅಂಚುಪಟ್ಟಿಗಳನ್ನು ಪ್ರತ್ಯೇಕ ಪಟ್ಟಿ ಮಾಡಬೇಕು. ಅವು ಬಿಡಿಬಿಡಿಯಾಗಿ ಅಲ್ಪ, ಒಟ್ಟಿನಲ್ಲಿ ಅಲ್ಪವಲ್ಲ.

ಅಳತೆ ಮತ್ತು ಖರೀದಿಯ ಕಾಲ

ಮನೆಯ ನಕ್ಷೆಯಲ್ಲಿರುವ ಅಳತೆಯಿಂದ ಮೊದಲ ಅಂದಾಜು ಮಾಡಬಹುದು. ಖರೀದಿಯ ಅಂದಾಜನ್ನು ಗಿಲಾವು ಮತ್ತು ನೆಲಹಾಸು ಮುಗಿದ ಮೇಲೆಯೇ ಮಾಡಬೇಕು. ಎರಡೂ ಗೋಡೆಗಳಿಗೆ ಅರ್ಧ ಅರ್ಧ ಇಂಚು ಗಿಲಾವು ಬಿದ್ದರೆ 10 ಅಡಿಯ ಖೋಲಿ 9 ಅಡಿ 11 ಇಂಚು ಆಗುತ್ತದೆ. ಗೋಡೆಗಳು ಮೂಲೆಮಟ್ಟಕ್ಕೆ ಇಲ್ಲದಿರುವುದೂ ಸಾಮಾನ್ಯವಾದ್ದರಿಂದ ಅಗಲವನ್ನು ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಕಡೆ ಅಳೆದು ಅತಿ ಕಡಿಮೆಯದನ್ನು ಹಿಡಿಯುತ್ತಾರೆ.

ಹಸಿ ಗಿಲಾವಿನ ಮನೆಯೊಳಗೆ ಹಾಳೆ ತಂದಿಟ್ಟರೆ ಅದು ಗೋಡೆಯ ತೇವವನ್ನು ಹೀರುತ್ತದೆ. ಮುಂಗಾರು ಕಳೆದು ಗೋಡೆಗಳು ಒಣಗಿದ ಮೇಲೆ, ದೀಪಾವಳಿಯ ಸುಮಾರಿಗೆ ಮರಗೆಲಸ ಆರಂಭಿಸುವ ಈ ಭಾಗದ ರೂಢಿಗೆ ಇದೂ ಒಂದು ಕಾರಣ. ಹಾಳೆಗಳನ್ನು ಗೋಡೆಗೆ ಓರೆಯಾಗಿ ಆನಿಸದೆ, ನೆಲಕ್ಕೆ ಸಮಾನ ಅಂತರದಲ್ಲಿ ಮರದ ತುಂಡುಗಳನ್ನಿಟ್ಟು ಅವುಗಳ ಮೇಲೆ ಮಟ್ಟವಾಗಿ ಮಲಗಿಸಬೇಕು. ಕತ್ತರಿಸದ ಹಾಳೆಯನ್ನು ಮರಳಿ ಪಡೆಯುವ ಮಾತನ್ನು ಅಂಗಡಿಯವರಿಂದ ಬಿಲ್ಲಿನ ಮೇಲೆಯೇ ಬರೆಸಿಕೊಂಡು, ಲೆಕ್ಕಕ್ಕಿಂತ ಒಂದು ಹಾಳೆ ಹೆಚ್ಚು ತರುವುದುಂಟು. ಕೊನೆಯಲ್ಲಿ ಒಂದು ಹಾಳೆ ಕಡಿಮೆ ಬಿದ್ದು ಬೇರೆ ತಯಾರಿಕೆಯದನ್ನು ತಂದರೆ ದಪ್ಪದಲ್ಲಿ ಕೂದಲೆಳೆಯ ಅಂತರ ಬಂದು ಅಕ್ಕಪಕ್ಕದ ಕದಗಳು ಒಂದೇ ಮಟ್ಟದಲ್ಲಿ ಕೂರುವುದಿಲ್ಲ.